ಓದುಗರ ಸ್ಪಂದನ: ಮಗಳು ಗ್ರೀಸ್, ರೋಮ್ ಓದ್ತೀನಿ ಅಂತಾಳೆ

(ಇಂಗ್ಲೆಂಡಿನಲ್ಲಿರುವ ಓದುಗರೊಬ್ಬರು ಕೇಳಿದ್ದರು: ಮಗಳು ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಮುಗಿಸಿದ್ದಾಳೆ. ಡಾಕ್ಟರ್ ಆಗುವ ಆಸೆ ಇದೆ. ಆದರೆ ಎ-ಲೆವೆಲ್‌ಗೆ (ನಮ್ಮ ಪಿಯುಸಿ ಥರದ ಎರಡು ವರ್ಷದ ಓದು) ಕೆಮಿಸ್ಟ್ರಿ, ಬಯಾಲಜಿ ಜೊತೆ ಗಣಿತದ ಬದಲು ಕ್ಲಾಸಿಕಲ್ ಸಿವಿಲೈಸೇಷನ್, ಅಂದರೆ ಪ್ರಾಚೀನ ಗ್ರೀಸ್-ರೋಮ್‌ನ ಸಾಹಿತ್ಯ, ಸಂಸ್ಕೃತಿಯ ವಿಷಯ ಬೇಕು ಅಂತ ಹಟ ಹಿಡಿದಿದ್ದಾಳೆ. ‘ಸತ್ತ ಭಾಷೆ ಕಲಿತು ಏನು ಮಾಡ್ತಾಳೆ?’ ಎಂದು ನಮ್ಮ ಯಜಮಾನರಿಗೆ ಸಿಟ್ಟು. ಏನು ಮಾಡಲಿ?)

ಅಕ್ಕಾ, ಇದರಲ್ಲಿ ಭಾಷೆ ಕಲಿಯೋದೇ ಇಲ್ಲ ಅಂತ ಮೊದಲು ಯಜಮಾನರಿಗೆ ಹೇಳಿ. ಲ್ಯಾಟಿನ್, ಗ್ರೀಕ್ ಬೇರೆಯೇ ವಿಷಯಗಳು. ಇಲ್ಲಿ ಎಲ್ಲವನ್ನೂ ಇಂಗ್ಲಿಷ್ ಅನುವಾದದಲ್ಲೇ ಓದುತ್ತಾರೆ. ನನ್ನ ಮಗ ಈಗ ಎರಡನೇ ವರ್ಷದಲ್ಲಿದ್ದಾನೆ. ಒಟ್ಟು ಮೂರು ಪೇಪರ್. ವೀರರ ಲೋಕದ ಪೇಪರ್ ಎಲ್ಲರಿಗೂ ಕಡ್ಡಾಯ, ಅದಕ್ಕೇ 40% ಅಂಕ. ಗ್ರೀಕ್ ಕವಿ ಹೋಮರನ ಇಲಿಯಡ್ ಅಥವಾ ಒಡಿಸ್ಸಿ, ಜೊತೆಗೆ ರೋಮನ್ ಕವಿ ವರ್ಜಿಲನ ಈನಿಡ್ ಎಂಬ ಮಹಾಕಾವ್ಯಗಳನ್ನು ಓದಬೇಕು. ಉಳಿದ ಎರಡನ್ನು ಶಾಲೆ ಆರಿಸುತ್ತದೆ: ಗ್ರೀಕ್ ನಾಟಕ, ಅಥೆನ್ಸಿನ ಪ್ರಜಾಪ್ರಭುತ್ವ, ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ತನ್ನ ಹೆಸರು ಬೆಳೆಸಿಕೊಂಡ ಬಗೆ, ಹೀಗೆ.

ಓದೋದು ಅಂದರೆ ಕಥೆ ಉರು ಹೊಡೆಯೋದಲ್ಲ. ಈನಿಡ್‌ನ ಕೊನೆಯಲ್ಲಿ ಕಥಾನಾಯಕ ಈನಿಯಸ್‌ನ ಎದುರು ಸೋತ ಶತ್ರು ಟರ್ನಸ್ ಕೈಚಾಚಿ ಬೇಡಿಕೊಳ್ಳುತ್ತಾನೆ. ಈನಿಯಸ್ ಇನ್ನೇನು ಬಿಟ್ಟುಬಿಡುತ್ತಾನೆ ಅನ್ನುವಾಗ ಟರ್ನಸ್‌ನ ಹೆಗಲ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ. ಅದು ಪಲ್ಲಾಸ್‌ನದು, ಟರ್ನಸ್ ಕೊಂದಿದ್ದ, ಈನಿಯಸ್‌ನ ಕಡೆಯ ಹುಡುಗನದು. ಕತ್ತಿ ಎದೆಗಿಳಿಯುತ್ತದೆ, ಕಾವ್ಯ ಅಲ್ಲಿಗೇ ನಿಲ್ಲುತ್ತದೆ. ಅವನು ಮಾಡಿದ್ದು ಸರಿಯಾ? ಇದರ ಮೇಲೆ ಮಗ ಪ್ರಬಂಧ ಬರೆಯಬೇಕಿತ್ತು. ಧಾರವಾಡದಿಂದ ವಿಡಿಯೊ ಕಾಲ್‌ನಲ್ಲಿದ್ದ ಅಜ್ಜ ಸುಮ್ನೆ ಇರ್ತಾರಾ? ‘ಕರ್ಣನ ರಥದ ಗಾಲಿ ಹೂತಾಗ ಕೃಷ್ಣ ಅಭಿಮನ್ಯೂನ ನೆನಪು ಮಾಡಿದ್ನಲ್ಲೋ, ಇದೂ ಹಂಗ ಅದ’ ಎಂದು ಶುರು ಮಾಡಿದರು. ಊಟ ಆರಿಹೋಯಿತು.
– ಒಬ್ಬ ತಾಯಿ, ರೆಡಿಂಗ್

ನನ್ನದು ಸ್ವಲ್ಪ ಬೇರೆ ಮಾತು. ಮೆಡಿಸಿನ್‌ಗೆ ಕೆಮಿಸ್ಟ್ರಿ, ಬಯಾಲಜಿ ಇದ್ದರೆ ಮೂರನೆಯದು ಯಾವುದಾದರೂ ಸರಿ ಎನ್ನುವ ಕಾಲೇಜುಗಳು ಎಷ್ಟೋ ಇವೆ. ಆದರೂ ಅವಳು ಅರ್ಜಿ ಹಾಕುವ ಪ್ರತಿ ಕಾಲೇಜಿನ ನಿಯಮವನ್ನು ನೀವೇ ಓದಿ ನೋಡಿ. ನಾಳೆ ಮನಸ್ಸು ಬದಲಾಗಿ ಎಂಜಿನಿಯರಿಂಗ್ ಅಂದರೆ ಗಣಿತ ಇಲ್ಲದೆ ಕಷ್ಟ. ಇನ್ನೊಂದು, ಇದು ಸುಲಭದ ವಿಷಯ ಎಂಬ ಭ್ರಮೆ ಬೇಡ. ಕೋರ್ಸ್‌ವರ್ಕ್ ಇಲ್ಲ, ಅಂಕವೆಲ್ಲ ಕೊನೆಯ ಲಿಖಿತ ಪರೀಕ್ಷೆಗೆ. ಬರೆಯೋದು ಜಾಸ್ತಿ. ಪಾಠ ಮಾಡೋರು ಒಬ್ಬರೇನಾ, ಅವರು ಎರಡು ವರ್ಷವೂ ಇರ್ತಾರಾ ಅಂತ ಕೇಳಿಕೊಳ್ಳಿ. ನಮ್ಮ ಹುಡುಗಿಯ ಶಾಲೆಯಲ್ಲಿ ಮೇಷ್ಟ್ರು ನಡುವೆಯೇ ಬಿಟ್ಟುಹೋದರು, ಮಕ್ಕಳು ತಾವೇ ಓದಿಕೊಳ್ಳಬೇಕಾಯಿತು.
– ಒಬ್ಬ ತಂದೆ, ಬರ್ಮಿಂಗ್‌ಹ್ಯಾಮ್

ತಾಯಿ, ಇದು ನಮಗೆ ಸಂಬಂಧವಿಲ್ಲದ ವಿಷಯ ಎಂದು ನಿಮ್ಮ ಯಜಮಾನರು ಹೇಳಿದರೆ ಬಿ.ಎಂ.ಶ್ರೀ ಅವರನ್ನು ನೆನಪಿಸಿ. ಗ್ರೀಕ್ ನಾಟಕಕಾರ ಸಾಫೊಕ್ಲಿಸ್ ಬರೆದ, ಅಯಾಸ್ ಎಂಬ ವೀರನ ದುರಂತವನ್ನು ಅವರು ಕುರುಕ್ಷೇತ್ರಕ್ಕೆ ತಂದರು, ಅದೇ ‘ಅಶ್ವತ್ಥಾಮನ್’. ಇನ್ನೊಬ್ಬ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ಕೊಟ್ಟರು. ಕ್ರಿ.ಪೂ. 480ರಲ್ಲಿ ಸಲಾಮಿಸ್‌ನ ಸಮುದ್ರ ಯುದ್ಧದಲ್ಲಿ ಪರ್ಷಿಯನ್ನರು ಗ್ರೀಕರಿಗೆ ಸೋತರು. ಎಂಟು ವರ್ಷದ ಮೇಲೆ, ಗೆದ್ದ ಅಥೆನ್ಸಿನ ಜನರ ಮುಂದೆಯೇ ಸೋತವರ ಅರಮನೆಯ ಗೋಳನ್ನು ಆಡಿ ತೋರಿಸಿದ ನಾಟಕ ಅದು. ಎಂಥ ಧೈರ್ಯ! ನಿಮ್ಮ ಮಗಳ ಶಾಲೆ ‘ಅನಾಗರಿಕ’ರ (ಪರ್ಷಿಯನ್ನರಂಥ ಪರದೇಶಿಗಳನ್ನು ಗ್ರೀಕರು ಕಂಡ ಬಗೆಯ) ಪೇಪರ್ ಆರಿಸಿದ್ದರೆ ಅವಳು ಓದೋದು ಇದನ್ನೇ. ಅವಳು ಇಂಗ್ಲಿಷಿನಲ್ಲಿ ಓದಲಿ, ನೀವಿಬ್ಬರು ಕನ್ನಡದಲ್ಲಿ ಓದಿ. ಅಂದಹಾಗೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಊರಿಗೆ ಬಂದಾಗ ಆ ಕಡೆ ಒಮ್ಮೆ ಕರೆದುಕೊಂಡು ಹೋಗಿ.
– ನಿವೃತ್ತ ಅಧ್ಯಾಪಕ, ಮೈಸೂರು

ಆಂಟಿ, ನಾನು ಈ ವಿಷಯ ಓದಿದವಳು, ಈಗ ನರ್ಸಿಂಗ್‌ನಲ್ಲಿದ್ದೇನೆ. ರಜೆಯಲ್ಲಿ ಅವಳು ಒಡಿಸ್ಸಿಯ 9ನೇ ಭಾಗ ಓದಲಿ, ಒಕ್ಕಣ್ಣಿನ ದೈತ್ಯನ ಗುಹೆಯದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ನೋಡೋಕೆ ದುಡ್ಡಿಲ್ಲ, ಹೋಗಿ ಬನ್ನಿ. ಅಷ್ಟಾದ ಮೇಲೂ ಬೇಕು ಅಂದರೆ ಸೇರಿಸಿ. ವಿಷಯ ಬದಲಿಸೋಕೆ ಸೆಪ್ಟೆಂಬರ್‌ನಲ್ಲಿ ಎಷ್ಟು ದಿನ ಬಿಡ್ತಾರೆ ಅಂತ ಮಾತ್ರ ಈಗಲೇ ಶಾಲೆಗೆ ಇಮೇಲ್ ಹಾಕಿ ಕೇಳಿಬಿಡಿ.
– ವಿದ್ಯಾರ್ಥಿನಿ, ಲೀಡ್ಸ್