‘ಕನ್ವರ್ಷನ್’ಗೆ ‘ಪರಿವರ್ತನೆ’ ಸಾಕೇ?

ಕಾರವಾರ, ಅಂಕೋಲಾ, ಶಿರಸಿ ಕಡೆಯಿಂದ ಮೂತ್ರಪಿಂಡದ ಗಡ್ಡೆಯ ಆಪರೇಷನ್ನಿಗೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುವವರಿಗಾಗಿ ಕನ್ನಡದಲ್ಲಿ ಮಾಹಿತಿಪತ್ರ ಬರೆಯುವಾಗ ಒಂದು ಪದ ತೊಡಕಾಗಿದೆ. ಸಣ್ಣ ತೂತುಗಳ ಮೂಲಕ ಕ್ಯಾಮೆರಾ, ಉಪಕರಣ ತೂರಿಸಿ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಶುರುಮಾಡಿದ್ದನ್ನು ನಡುವೆ ಬಿಟ್ಟು, ಹೊಟ್ಟೆ ಕೊಯ್ದು ಮುಗಿಸುವುದಕ್ಕೆ ವೈದ್ಯರು ‘ಕನ್ವರ್ಷನ್’ ಅನ್ನುತ್ತಾರೆ. ಒಪ್ಪಿಗೆಪತ್ರಗಳಲ್ಲಿ ಇದು ‘ಪರಿವರ್ತನೆ’ ಆಗಿದೆ. ಯಾವುದು ಯಾವುದಾಗಿ ಪರಿವರ್ತನೆ?

ಏಕೆಂದರೆ ಇಲ್ಲಿ ಎರಡು ಕನ್ವರ್ಷನ್‌ಗಳಿವೆ. ಒಂದರಲ್ಲಿ ದಾರಿ ಬದಲಾಗುತ್ತದೆ: ತೂತು ಹೋಗಿ ದೊಡ್ಡ ಕೊಯ್ತ. ಇನ್ನೊಂದರಲ್ಲಿ ತೆಗೆಯುವ ಭಾಗವೇ ಬದಲಾಗುತ್ತದೆ: ಗಡ್ಡೆಯಷ್ಟನ್ನೇ ತೆಗೆಯಲು ಹೊರಟು ಇಡೀ ಮೂತ್ರಪಿಂಡವನ್ನೇ ತೆಗೆಯಬೇಕಾಗುವುದು. ಮೊದಲನೆಯದರಲ್ಲಿ ನೋವು ಹೆಚ್ಚು, ಆಸ್ಪತ್ರೆವಾಸ ಹೆಚ್ಚು, ಆದರೆ ಅಂಗ ಉಳಿಯಬಹುದು. ಎರಡನೆಯದರಲ್ಲಿ ತೂತಿನಲ್ಲೇ ಕೆಲಸ ಮುಗಿದರೂ ಅಂಗ ಹೋಗುತ್ತದೆ. ‘ಪರಿವರ್ತನೆಗೆ ಒಪ್ಪಿದ್ದೇನೆ’ ಎಂದು ಸಹಿ ಹಾಕಿದವರು ಯಾವುದಕ್ಕೆ ಒಪ್ಪಿದರು? ಎರಡಕ್ಕೂ ಬೇರೆ ಬೇರೆ ಸಾಲು ಬೇಕೇ ಬೇಕು.

‘ಲ್ಯಾಪ್ರೋಸ್ಕೋಪಿ ವಿಫಲವಾದಲ್ಲಿ’ ಎಂಬ ಬರವಣಿಗೆಯಂತೂ ತಪ್ಪು. ದೇಹದ ವಿಶ್ರಾಂತಿಯ ಹೊತ್ತಿನಲ್ಲೂ ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಭಾಗ, ಅಂದರೆ ನಿಮಿಷಕ್ಕೆ ಲೀಟರಿನಷ್ಟು, ಎರಡು ಮೂತ್ರಪಿಂಡಗಳಿಗೆ ಹೋಗುತ್ತದೆ. ಅಲ್ಲಿನ ರಕ್ತನಾಳ ಹರಿದರೆ ಕ್ಯಾಮೆರಾದ ನೋಟ ಕ್ಷಣದಲ್ಲಿ ಕೆಂಪಾಗುತ್ತದೆ. ಗಾಜ್ ಬಟ್ಟೆ ಒತ್ತಿ ಹಿಡಿದೂ ನಿಲ್ಲದಿದ್ದರೆ ಕೂಡಲೇ ಕೊಯ್ಯುವುದೇ ಜೀವ ಉಳಿಸುವ ದಾರಿ. ಇದು ತುರ್ತಿನದು. ಸುತ್ತಲ ಕೊಬ್ಬು ಅಂಟಿಕೊಂಡು ಪದರ ಬಿಡಿಸಲಾಗದೆ ಕೆಲಸ ಮುಂದೆ ಸಾಗದಿದ್ದಾಗ ರಕ್ತ ಹರಿಯುವ ಮೊದಲೇ ಯೋಚಿಸಿ ಕೊಯ್ಯುವುದು ಬೇರೆ ಬಗೆ. ಒಳಗೆ ಜಾಗವಾಗಲೆಂದು ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ತಡೆಯದಾದರೂ ಹೀಗೇ ಮಾಡಬೇಕಾಗಬಹುದು. ಯಾವುದಕ್ಕೂ ‘ವಿಫಲ’ ಸಲ್ಲದು.

ಮುಂದಿನ ಸಮಸ್ಯೆ ‘ಪ್ರಿಡಿಕ್ಷನ್’. ‘ಮುನ್ಸೂಚನೆ’ ಎಂದರೆ ನಮ್ಮ ಕರಾವಳಿಯಲ್ಲಿ ಮೊದಲು ನೆನಪಾಗುವುದು ಹವಾಮಾನ: ದೋಣಿ ಕಡಲಿಗಿಳಿಸಬೇಡಿ ಎನ್ನುವ ಎಚ್ಚರಿಕೆ. ಇಲ್ಲಿ ಆ ಅರ್ಥವಲ್ಲ. ಆಪರೇಷನ್ ಮಾಡಲೇಬೇಕು, ಕೊಯ್ಯಬೇಕಾದೀತೇ ಎಂಬ ಲೆಕ್ಕ ಮಾತ್ರ. ಅದಕ್ಕೆ ‘ಮುನ್ನಂದಾಜು’ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಕಾಣುವ ಗುರುತುಗಳಿಗೆ, ಅಂದರೆ ಗಡ್ಡೆಯ ಗಾತ್ರ, ಅದು ಮೂತ್ರಪಿಂಡದ ರಕ್ತನಾಳಗಳಿಗೆ ಎಷ್ಟು ಹತ್ತಿರ, ಸಿರೆಯೊಳಗೆ ಹೊಕ್ಕಿದೆಯೇ ಎಂಬಂಥವಕ್ಕೆ, ‘ಮುನ್‌ಗುರುತು’ ಎನ್ನಬಹುದೇನೋ. ಹಿಂದೆ ಅದೇ ಹೊಟ್ಟೆಯಲ್ಲಿ ಆಪರೇಷನ್ ಆಗಿ ಒಳಗೆ ಅಂಟಿಕೊಂಡಿರುವ ಸಾಧ್ಯತೆಯೂ ಇದರಲ್ಲೇ ಸೇರುತ್ತದೆ.

‘ಸ್ಕೋರ್’ ಅನ್ನು ‘ಅಂಕ’ ಎಂದರೆ ಇನ್ನೊಂದು ಅಡ್ಡಿ. ಗಡ್ಡೆ ತೆಗೆಯುವುದು ಎಷ್ಟು ಜಟಿಲ ಎಂದು ಸ್ಕ್ಯಾನ್ ನೋಡಿ ಲೆಕ್ಕ ಹಾಕುವ 2009ರ ರೀನಲ್ ಸ್ಕೋರಿನಲ್ಲಿ 4ರಿಂದ 6 ಸುಲಭ, 7ರಿಂದ 9 ನಡುವಿನದು, 10ರಿಂದ 12 ಜಟಿಲ. ಸುತ್ತಲ ಕೊಬ್ಬು ಅಂಟಿಕೊಂಡಿರುವ ಸಾಧ್ಯತೆಯನ್ನು ಅಂದಾಜಿಸುವ 2014ರ ಮೇಯೋ ಸ್ಕೋರ್ 0ಯಿಂದ 5ರವರೆಗೆ: ಮೂತ್ರಪಿಂಡದ ಹಿಂದಿನ ಕೊಬ್ಬಿನ ದಪ್ಪಕ್ಕೆ 2ರವರೆಗೆ, ಕೊಬ್ಬಿನಲ್ಲಿ ಕಾಣುವ ಎಳೆಎಳೆ ಗೆರೆಗಳಿಗೆ 3ರವರೆಗೆ. ಎರಡರಲ್ಲೂ ಹೆಚ್ಚು ಬಂದಷ್ಟೂ ಕಷ್ಟ ಹೆಚ್ಚು. ಶಾಲೆಯ ಅಂಕಕ್ಕೆ ಒಗ್ಗಿದ ಕಿವಿ ‘12ಕ್ಕೆ 11’ ಕೇಳಿ ಸಂತೋಷಪಟ್ಟೀತು. ‘ಕಷ್ಟದ ಅಂಕ’ ಎಂದು ಕೂಡಿಸಿಯೇ ಬರೆಯುವುದು ಲೇಸು. ಅಂದಹಾಗೆ, ಈ ಸ್ಕೋರುಗಳು ಹೇಳುವುದು ಕೆಲಸದ ಕಷ್ಟವನ್ನು. ಕೊಯ್ಯಬೇಕಾಗುತ್ತದೆಂದು ಖಚಿತವಾಗಿ ಹೇಳುವುದಿಲ್ಲ.

ಸದ್ಯಕ್ಕೆ ಮೂಡಿದ ಸಾಲು ಹೀಗಿದೆ: ‘ತೂತುಗಳ ಮೂಲಕ ಶುರುಮಾಡುತ್ತೇವೆ, ಅದು ಅಪಾಯ ಎನಿಸಿದರೆ ದೊಡ್ಡದಾಗಿ ಕೊಯ್ದು ಮುಗಿಸುತ್ತೇವೆ.’ ತಲೆಬರಹಕ್ಕೆ ‘ಕೊಯ್ತಕ್ಕೆ ಹೊರಳುವುದು’ ಎಂದಿಟ್ಟರೆ ಹೇಗೆ? ಅಡಿಕೆ ಸೀಮೆಯವರಿಗೆ ‘ಕೊಯ್ಲು’ ದಿನನಿತ್ಯದ ಮಾತು. ‘ಕೊಯ್ತ’ ಅದರೊಡನೆ ಬೆರೆತು ಗೊಂದಲವಾದೀತೇ? ಮನೆಯಲ್ಲಿ ಕೊಂಕಣಿ ಆಡುವ ಕಾರವಾರದವರಿಗೆ ಈ ಕನ್ನಡ ಪದ ಒಮ್ಮೆಗೇ ತಿಳಿಯುತ್ತದೆಯೇ, ಅಥವಾ ‘ಓಪನ್ ಆಪರೇಷನ್’ ಎಂದೇ ಉಳಿಸುವುದು ವಾಸಿಯೇ?