ಪದ ಬೇಕು, ಅವಸರ: ‘ಸಮಾನ ಹಂಚಿಕೆ’ ಅಲ್ಲ, ಹಾಗಾದರೆ ಏನು?

ಎಲ್ಲರಿಗೂ ನಮಸ್ಕಾರ.

ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು, ಅದಕ್ಕೇ ಈ ಅವಸರ. ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊರೊನಾದಂಥ ರೋಗ ಮತ್ತೆ ಬಂದು ಕೇಂದ್ರದ ಬಾಗಿಲು ಹಾಕಬೇಕಾದರೆ ಮಕ್ಕಳ ಆಹಾರವನ್ನು ಮನೆಮನೆಗೆ ಹೇಗೆ ಮುಟ್ಟಿಸಬೇಕು ಅನ್ನೋದು ವಿಷಯ. ಜೊತೆಗೆ ಗೋಡೆಗೆ ಹಾಕುವ ಒಂದು ಫಲಕವೂ ಇದೆ.

‘ಈಕ್ವಿಟೆಬಲ್’ (ಯಾರಿಗೆ ಎಷ್ಟು ಅಗತ್ಯವೋ ಅದನ್ನು ನೋಡಿ ಕೊಡುವ) ಅನ್ನೋ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಹಳೆಯ ಕರಡಿನಲ್ಲಿ ‘ಸಮಾನ ಹಂಚಿಕೆ’ ಅಂತಿದೆ. ಅದು ತಪ್ಪು. 2013ರಲ್ಲಿ ಬಂದಾಗಲೇ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, ಅಪೌಷ್ಟಿಕ ಮಗುವಿಗೆ 800 ಕ್ಯಾಲೊರಿ ಅಂದಿತ್ತು. ಸಮಾನ ಅಂದುಬಿಟ್ಟರೆ ಆ 300 ಕ್ಯಾಲೊರಿ ಎಲ್ಲಿ ಹೋಯಿತು?

2020ರ ಬೇಸಿಗೆಯಲ್ಲಿ ನಮ್ಮೂರಿನ ಅಂಗನವಾಡಿ ಟೀಚರ್ ಜೊತೆ ಚೀಲ ಹೊತ್ತು ಓಡಾಡಿದ್ದೆ. ಒಬ್ಬ ತಾಯಿ ತನ್ನ ಪೊಟ್ಟಣವನ್ನೂ ಪಕ್ಕದ ಮನೆಯ ಪೊಟ್ಟಣವನ್ನೂ ಎರಡು ಕೈಯಲ್ಲಿ ತೂಗಿ ನೋಡಿದಳು. “ಅವರ ಕೂಸಿಗೆ ಜಾಸ್ತಿ, ನನ್ನ ಕೂಸಿಗೆ ಯಾಕ್ರೀ ಕಮ್ಮಿ?” ಅಂದಳು. ಟೀಚರ್ ಮಾತಾಡಲಿಲ್ಲ. ಆ ಇನ್ನೊಂದು ಕೂಸಿನ ತೋಳಿಗೆ ಅಳತೆ ಪಟ್ಟಿ ಸುತ್ತಿದರು. ಬಾಣ ಕೆಂಪಿನಲ್ಲಿ ನಿಂತಿತು, ಅಂದರೆ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ, ಕೂಸು ತೀರಾ ಅಪೌಷ್ಟಿಕ. ತಾಯಿ ಪೊಟ್ಟಣ ತಾನೇ ವಾಪಸ್ ಇಟ್ಟಳು. ಆ ಪಟ್ಟಿ ಹೇಳಿದ್ದನ್ನು ಹೇಳುವ ಪದ ನನಗೆ ಬೇಕು.

‘ಟೇಕ್ ಹೋಮ್ ರೇಷನ್’ಗೂ (ಮಗುವಿಗಾಗಿ ಮನೆಗೆ ಕೊಡುವ ಆಹಾರಕ್ಕೂ) ಏನಾದರೂ ಪದ ಇದ್ದರೆ ತಿಳಿಸಿ.
— ಕೊಪ್ಪಳದಿಂದ

*

‘ಸಮಾನ’ ಬೇಡವೇ ಬೇಡ, ‘ನ್ಯಾಯಯುತ’ವೂ ಬೇಡ. ಎರಡೂ ಸಂಸ್ಕೃತ. ನಮ್ಮದೇ ‘ಪಾಲು’ ಇರುವಾಗ ಬೇರೆ ಕಡೆ ಯಾಕೆ ಹೋಗಬೇಕು? ಹಳಗನ್ನಡದಲ್ಲಿ ಕುಡಿಯುವ ಹಾಲೂ ‘ಪಾಲ್’, ಪಡೆಯುವ ಪಾಲೂ ‘ಪಾಲ್’. ಒಂದರ ಪಕಾರ ಹಕಾರವಾಯಿತು, ಇನ್ನೊಂದು ಹಾಗೇ ಉಳಿಯಿತು. ಮಕ್ಕಳ ಆಹಾರಕ್ಕೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ? ‘ಹಂಚು’ ಕೂಡ ಹಳೆಯ ‘ಪಚ್ಚು’. ಅದರ ನಂಟಿನದೇ ‘ಪಸುಗೆ’, ಅಂದರೆ ಹಂಚಿಕೆ. ‘ತಕ್ಕ ಪಸುಗೆ’ ಅಂತ ಹಾಕಿ. ಎರಡನೆಯದಕ್ಕೆ ‘ಮನೆಪಡಿ’. ‘ಪಡಿ’ ಅಂದರೆ ಅಳತೆಯೂ ಹೌದು, ದಿನದ ಲೆಕ್ಕಕ್ಕೆ ಕೊಡುವ ಕಾಳೂ ಹೌದು. ‘ಪಡಿತರ’ ಅಲ್ಲಿಂದಲೇ ಬಂದದ್ದು.
— ಶಿವಮೊಗ್ಗದಿಂದ

*

‘ಪಸುಗೆ’ ನಿಘಂಟಿನಲ್ಲೇ ಇರಲಿ. ಫಲಕ ಓದುವವರು ಹಳಗನ್ನಡದ ವಿದ್ಯಾರ್ಥಿಗಳಲ್ಲ. ‘ಪಡಿತರ’ ಚೀಟಿಯ ಮೇಲಿದೆ, ಬಾಯಲ್ಲಿ ‘ರೇಷನ್’. ಅದೇ ಇರಲಿ ಬಿಡಿ. ಮೊದಲನೆಯದಕ್ಕೆ ‘ಪಂಕ್ತಿಭೇದವಿಲ್ಲದ’ ಅನ್ನಿ. ಊಟದ ಸಾಲಿನಿಂದಲೇ ಬಂದ ಮಾತು. ಯಾರಿಗೂ ವಿವರಿಸಬೇಕಾಗಿಲ್ಲ.
— ಮೈಸೂರಿನಿಂದ

*

‘ಪಂಕ್ತಿ’ ಸಂಸ್ಕೃತ, ‘ಭೇದ’ವೂ ಸಂಸ್ಕೃತ. ಆಗದು.

ಜನಕ್ಕೆ ಹೊಸ ಪದ ಹಿಡಿಸುವುದಿಲ್ಲ ಅನ್ನುವವರು ‘ಬಿಸಿಯೂಟ’ವನ್ನು ನೋಡಲಿ. ‘ಮಧ್ಯಾಹ್ನದ ಉಪಾಹಾರ ಯೋಜನೆ’ ಕಡತದಲ್ಲಿ ಉಳಿಯಿತು. ‘ಬಿಸಿಯೂಟ’ ಒಂದನೇ ತರಗತಿ ಮಗುವಿನ ಬಾಯಿಗೂ ಬಂತು.
— ಶಿವಮೊಗ್ಗದಿಂದ

*

ಅದೇ ಯೋಜನೆಗೆ ‘ಅಕ್ಷರ ದಾಸೋಹ’ ಅನ್ನೋ ಹೆಸರೂ ಇದೆ. ‘ದಾಸೋಽಹಂ’ ಅನ್ನೋ ಸಂಸ್ಕೃತವೇ ಶರಣರ ಬಾಯಲ್ಲಿ ‘ದಾಸೋಹ’ವಾಯಿತು. ಅದನ್ನೂ ತೆಗೆಸುತ್ತೀರಾ? ಎಲ್ಲಿಂದ ಬಂತು ಅನ್ನೋದಲ್ಲ, ಯಾರ ಬಾಯಲ್ಲಿ ಬಾಳುತ್ತಿದೆ ಅನ್ನೋದು ಮುಖ್ಯ. ಈ ಜಗಳ ಇಲ್ಲಿ ಎಷ್ಟು ಸಲ ಆಗಿದೆ!
— ಮೈಸೂರಿನಿಂದ

*

ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರಿಗೆ ನಾಳೆಯೇ ಬೇಕಾಗಿದೆ.

ನಾನು ಸರ್ಕಾರಿ ಶಾಲೆಯ ಮೇಷ್ಟ್ರು. 2020ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ರಾಜ್ಯಗಳನ್ನು ಕೇಳಿತು: ಶಾಲೆ ಮುಚ್ಚಿದರೆ ಬಿಸಿಯೂಟ ಮಕ್ಕಳಿಗೆ ಹೇಗೆ ಮುಟ್ಟುತ್ತದೆ ಅಂತ. ಆಮೇಲೆ ನಾವು ಅಕ್ಕಿ ಅಳೆದು ಕೊಟ್ಟೆವು. ಐದನೇ ತರಗತಿವರೆಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. ಶಾಲೆಯಲ್ಲಿ ತಟ್ಟೆಗೆ ಬಡಿಸಿದ್ದು ಮಗುವಿನ ಹೊಟ್ಟೆಗೇ ಹೋಗುತ್ತಿತ್ತು. ಮನೆಗೆ ಹೋದ ಅಕ್ಕಿ ಎಲ್ಲರ ಪಾತ್ರೆಗೆ ಬಿತ್ತು. ಕೂಲಿ ಇಲ್ಲದ ಮನೆ, ಯಾರನ್ನು ದೂರುವುದು? ಅದಕ್ಕೇ ಹೇಳುತ್ತೇನೆ, ‘ಟೇಕ್ ಹೋಮ್ ರೇಷನ್’ನಲ್ಲಿ ಮನೆ ಮುಂದೆ ಬಂದು ಮಗು ಮರೆಯಾಗಿದೆ. ‘ಮನೆಪಡಿ’ಯದೂ ಅದೇ ತೊಂದರೆ. ಚೀಲದ ಮೇಲೆ ‘ಮಗುವಿನ ಪಾಲು’ ಅಂತ ಬರೆಯಿರಿ. ಶಿವಮೊಗ್ಗದವರ ಪಾಲು ಇಲ್ಲಿ ಸರಿಯಾಗಿ ಕೂರುತ್ತದೆ.

‘ಪಂಕ್ತಿಭೇದವಿಲ್ಲದ’ ನನಗೂ ಒಪ್ಪಿಗೆಯಿಲ್ಲ, ಆದರೆ ಕಾರಣ ಬೇರೆ. ಅದು ಎಲ್ಲರಿಗೂ ಒಂದೇ ತರ ಬಡಿಸಿ ಅನ್ನುತ್ತದೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಮೊಟ್ಟೆ ಮೊದಲು ಬಂದದ್ದು ನಮ್ಮ ಕಲಬುರಗಿ ಸೇರಿ ಏಳು ಜಿಲ್ಲೆಗಳಿಗೆ ಮಾತ್ರ. ಇಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಜಾಸ್ತಿ. ಅದನ್ನು ಭೇದ ಅನ್ನಲು ಆಗುತ್ತದಾ? ‘ಹಸಿವಿಗೆ ತಕ್ಕ ಪಾಲು’ ಅನ್ನಿ.
— ಕಲಬುರಗಿಯಿಂದ

*

ಮೇಷ್ಟ್ರೇ, ‘ಮಗುವಿನ ಪಾಲು’ ಸಿಕ್ಕಿತು. ಚೀಲದ ಮೇಲೆ ಅದೇ ಬರುತ್ತದೆ. ತುಂಬಾ ಥ್ಯಾಂಕ್ಸ್.

‘ಹಸಿವಿಗೆ ತಕ್ಕ’ ಮಾತ್ರ ಹಾಕಲಾರೆ. ತೀರಾ ಸೊರಗಿದ ಮಗುವಿಗೆ ಎಷ್ಟೋ ಸಲ ಹಸಿವೇ ಆಗುವುದಿಲ್ಲ. ಕೊಟ್ಟರೆ ಮುಖ ತಿರುಗಿಸುತ್ತದೆ. ಜಾಸ್ತಿ ಬೇಕಾದದ್ದು ಅದಕ್ಕೇ. ಬರೀ ‘ತಕ್ಕ ಪಾಲು’ ಅಂದರೂ ನನಗೆ ಭಯ. ‘ತಕ್ಕವರು’ ಅಂದ ಕೂಡಲೇ ಯೋಗ್ಯತೆಯ ಮಾತು ಬರುತ್ತದೆ. ಆ ಬೇಸಿಗೆಯಲ್ಲಿ ಇಟ್ಟಿಗೆ ಭಟ್ಟಿಯ ಹತ್ತಿರ ಗುಡಿಸಲು ಹಾಕಿಕೊಂಡ ಒಂದು ಕುಟುಂಬ ಇತ್ತು. ಎರಡು ಚಿಕ್ಕ ಮಕ್ಕಳು. ಹೆಸರು ಬೇರೆ ಊರಿನ ಪಟ್ಟಿಯಲ್ಲಿದೆ ಅಂತ ಎರಡು ವಾರ ಅವರಿಗೆ ಏನೂ ಸಿಗಲಿಲ್ಲ. ‘ಇವರು ನಮ್ಮ ಲೆಕ್ಕಕ್ಕೆ ಬರೋದಿಲ್ಲ’ ಅಂತ ನನ್ನ ಎದುರಿಗೇ ಹೇಳಿದ್ದರು. ಅಂಥವರ ಕೈಗೆ ‘ತಕ್ಕ’ ಅನ್ನೋ ಪದ ಕೊಡಲು ನನಗೆ ಮನಸ್ಸಿಲ್ಲ.

ಹಾಗಾಗಿ ಒಂದೇ ಪದ ಹುಡುಕೋದು ಬಿಟ್ಟೆ. ಫಲಕ ಹೀಗಿದೆ:

ಯಾವ ಮಗುವಿಗೆ ಎಷ್ಟು ಬೇಕೋ ಅಷ್ಟು ಕೊಡಿ.
ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಬರೆದುಕೊಂಡು ಕೊಡಿ.

ಶಿವಮೊಗ್ಗದವರೇ, ಇದರಲ್ಲಿ ಸಂಸ್ಕೃತ ಹುಡುಕುವುದಾದರೆ ಬೆಳಿಗ್ಗೆ ಹತ್ತರೊಳಗೆ ತಿಳಿಸಿ. ಆಮೇಲೆ ಅಚ್ಚಿನ ಪ್ಲೇಟ್ ಹೋಗಿಬಿಡುತ್ತದೆ.
— ಕೊಪ್ಪಳದಿಂದ

*

‘ಬೇಕೋ ಅಷ್ಟು’ ಅಚ್ಚಗನ್ನಡ. ತಕರಾರಿಲ್ಲ. ‘ದಾಸೋಹ’ದ ಬಗ್ಗೆ ಬೇರೆ ಬರೆಯುತ್ತೇನೆ.
— ಶಿವಮೊಗ್ಗದಿಂದ