‘ಅರ್ಥ್ ಹೊಡೆಯುತ್ತಿದೆ’ ಅಂದರೆ ಏನರ್ಥ?

ಟ್ಯೂಬ್‌ಲೈಟ್ ರಿಪೇರಿಯ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಚೋಕ್, ಸ್ಟಾರ್ಟರ್, ಹೋಲ್ಡರ್, ಪಟ್ಟಿ (ಇವನ್ನೆಲ್ಲ ಕೂರಿಸುವ ತಗಡಿನ ಚೌಕಟ್ಟು) ಯಾವುದೂ ತೊಂದರೆ ಕೊಡಲಿಲ್ಲ. ಬಾಯಲ್ಲಿ ಇರುವಂತೆಯೇ ಬರೆದುಬಿಟ್ಟೆ. ಸಿಕ್ಕಿಹಾಕಿಕೊಂಡದ್ದು ಅರ್ಥಿಂಗ್ ಅಧ್ಯಾಯದಲ್ಲಿ, ಅಂದರೆ ಫಿಟ್ಟಿಂಗಿನ ಲೋಹದ ಮೈಯನ್ನು ತಂತಿಯಿಂದ ನೆಲಕ್ಕೆ ಜೋಡಿಸುವ ವಿಷಯದಲ್ಲಿ.

ಮೊದಲು ಸಣ್ಣ ತಕರಾರು. ತಲೆಬರಹಕ್ಕೆ ‘ಅರ್ಥ್ ದೋಷ’ ಎಂದು ಕೊಟ್ಟಿದ್ದೆ. ಕರಡು ನೋಡಿದ ಗೆಳೆಯರೊಬ್ಬರು, “ಇದೇನು, ಕಾವ್ಯಮೀಮಾಂಸೆಯಾ?” ಎಂದು ಕೇಳಿದರು. ಶಬ್ದದೋಷ, ಅರ್ಥದೋಷ ಎಲ್ಲ ಅಲ್ಲಿ ಇದ್ದೇ ಇವೆಯಲ್ಲ. ‘ಅರ್ತ್’ ಎಂದು ಬರೆದರೆ ಈ ಪೇಚು ತಪ್ಪುತ್ತದೆ. ‘ಬಾಡಿಗೆ ಕರೆಂಟ್ ಬರುತ್ತಿದೆ’ ಎಂಬ ಮಾತೂ ಹಾಗೇ. ಕೇಳಿದರೆ ಗೊತ್ತಾಗುತ್ತದೆ, ಓದಿದರೆ ಮನೆ ಬಾಡಿಗೆ ನೆನಪಾಗುತ್ತದೆ. ಅದಕ್ಕೇ ‘ಪಟ್ಟಿಯ ಮೈಗೆ ಕರೆಂಟ್ ಬರುತ್ತಿದೆ’ ಎಂದು ತಿದ್ದಿದೆ.

ನಿಜವಾದ ತೊಡಕು ಬೇರೆ. ‘ಅರ್ಥಿಂಗ್ ಫಾಲ್ಟ್’ ಎಂಬ ಒಂದೇ ಮಾತನ್ನು ನಾವು ಎರಡು ತದ್ವಿರುದ್ಧ ಕಾಯಿಲೆಗಳಿಗೆ ಬಳಸುತ್ತೇವೆ.

ಒಂದು, ಕರೆಂಟ್ ಹೋಗಬಾರದ ಕಡೆ ಹೋಗುವುದು. ಹಳೆಯ ತಾಮ್ರದ ಚೋಕ್ ವರ್ಷಗಟ್ಟಲೆ ಕಾದು ಕಾದು ಒಳಗಿನ ಸುತ್ತಿನ ಹೊದಿಕೆ ಸುಡುತ್ತದೆ. ಕರೆಂಟ್ ಚೋಕಿನ ಕಬ್ಬಿಣಕ್ಕೆ ಇಳಿಯುತ್ತದೆ, ಅಲ್ಲಿಂದ ತಗಡಿನ ಪಟ್ಟಿಗೆ. ಹಸಿರು ತಂತಿ (ಅರ್ಥ್ ತಂತಿ) ಸರಿಯಾಗಿದ್ದರೆ ಅದರ ಮೂಲಕ ನೆಲಕ್ಕೆ ಹರಿದು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದಲ್ಲಿ ಅದು ಟ್ರಿಪ್ ಆಗುತ್ತದೆ.

ಇನ್ನೊಂದು, ಆ ಹಸಿರು ತಂತಿಯೇ ಇಲ್ಲದಿರುವುದು, ಅಥವಾ ಎಲ್ಲೋ ಕಡಿದಿರುವುದು. ಆಗ ಏನೂ ಟ್ರಿಪ್ ಆಗುವುದಿಲ್ಲ. ದೀಪವೂ ಚೆನ್ನಾಗಿಯೇ ಉರಿಯುತ್ತಿರಬಹುದು. ಕೆಲವು ಬಗೆಯ ಫಿಟ್ಟಿಂಗ್‌ಗಳಲ್ಲಿ ಮಾತ್ರ ಒಂದು ಸುಳಿವು ಸಿಗುತ್ತದೆ. ಟ್ಯೂಬ್ ಹತ್ತಲು ಒದ್ದಾಡುತ್ತದೆ, ಗಾಜಿನ ಮೇಲೆ ಕೈ ಸವರಿದರೆ ಹತ್ತಿಬಿಡುತ್ತದೆ. ಟ್ಯೂಬಿನ ಪಕ್ಕದ ತಗಡಿಗೆ ಅರ್ಥ್ ಇದ್ದರೇ ಅವು ಸಲೀಸಾಗಿ ಹತ್ತುವುದು. ಅರ್ಥ್ ಮಾಡಬೇಕಾದ ಕೆಲಸವನ್ನು ನಮ್ಮ ಕೈ ಮಾಡಿರುತ್ತದೆ. (ಇದನ್ನು ಪರೀಕ್ಷೆ ಅಂತ ಯಾರೂ ಮಾಡಬೇಡಿ.)

ಈ ಗೊಂದಲಕ್ಕೆ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಎಲೆಕ್ಟ್ರಾನಿಕ್ ಚೋಕ್ ಇದ್ದ ಪಟ್ಟಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಮಂಕಾಗಿ ಹೊಳೆಯುತ್ತಿತ್ತು. ‘ಅರ್ಥ್ ಹೊಡೆಯುತ್ತಿದೆ, ಚೋಕ್ ಹೋಗಿದೆ’ ಎಂದರು ನೋಡಿದವರು. ಹೊಸ ಚೋಕ್ ಹಾಕಿದೆ. ಮತ್ತೆ ಜುಮ್! ಆಮೇಲೆ ತಿಳಿಯಿತು. ಅಂಥ ಅನೇಕ ಚೋಕ್‌ಗಳ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಅರ್ಥ್‌ಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥ್ ತಂತಿ ಜೋಡಿಸದೆ ಬಿಟ್ಟರೆ ಪಟ್ಟಿಯ ಮೈ ಸುಮಾರು ಅರ್ಧ ವೋಲ್ಟೇಜಿನಲ್ಲಿ ನಿಲ್ಲುತ್ತದೆ, 230 ಇದ್ದರೆ 115ರ ಆಸುಪಾಸು. ಚೋಕ್ ಕೆಟ್ಟಿರಲಿಲ್ಲ. ಅರ್ಥ್ ಇರಲಿಲ್ಲ, ಅಷ್ಟೆ. ಹೊಡೆದದ್ದು ಫೇಸ್, ಬೈಸಿಕೊಂಡದ್ದು ಅರ್ಥ್! ಕಾಯುವವನ ತಲೆಗೇ ಕಳ್ಳತನ ಕಟ್ಟುವ ಈ ನುಡಿಗಟ್ಟು ನಮ್ಮಲ್ಲಿ ಹೇಗೆ ಬಂತೋ.

ಪರೀಕ್ಷೆಗಳೂ ಬೇರೆ ಬೇರೆಯೇ. ಎರಡನ್ನೂ ಮೇನ್ ಸ್ವಿಚ್ ಆಫ್ ಮಾಡಿಯೇ ಮಾಡಬೇಕು. ತಂತಿ ಕಡಿದಿದೆಯೇ ಎಂದು ನೋಡಲು ಅರ್ಥ್ ತುದಿಯಿಂದ ಪಟ್ಟಿಯ ಮೈವರೆಗೆ ಮೀಟರ್ ಹಿಡಿದರೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಸೋರಿಕೆ ಹುಡುಕಲು ಫಿಟ್ಟಿಂಗನ್ನು ಲೈನ್‌ನಿಂದ ಬಿಡಿಸಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹೆಣೆದು, ಅಲ್ಲಿಂದ ಅರ್ಥ್‌ಗೆ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೀಟರ್) ಹಚ್ಚಿದರೆ ಮೆಗಾಓಮ್‌ಗಳ ಲೆಕ್ಕದಲ್ಲಿ ಬರಬೇಕು. ಒಂದರಲ್ಲಿ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಇನ್ನೊಂದರಲ್ಲಿ ದೊಡ್ಡದಾದಷ್ಟೂ ಒಳ್ಳೆಯದು. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವನು ಏನು ಮಾಡಬೇಕು, ಅಲ್ವಾ?

‘ಭೂಸಂಪರ್ಕ ದೋಷ’ ಎಂದರೂ ಗಂಟು ಬಿಡುವುದಿಲ್ಲ. ನೆಲಕ್ಕೆ ಸಂಪರ್ಕ ಆಗಿಬಿಟ್ಟದ್ದು ದೋಷವೋ, ಆಗದೇ ಇದ್ದದ್ದು ದೋಷವೋ? ಸದ್ಯಕ್ಕೆ ಮೊದಲನೆಯದಕ್ಕೆ ‘ನೆಲಸೋರಿಕೆ’, ಎರಡನೆಯದಕ್ಕೆ ‘ಅರ್ಥ್ ಕಡಿತ’ ಎಂದು ಬರೆದಿಟ್ಟಿದ್ದೇನೆ. ‘ಸೋರಿಕೆ’ ನನಗೆ ಹಿಡಿಸಿದೆ. ‘ಕಡಿತ’ದ ಬಗ್ಗೆ ಅನುಮಾನ. ‘ವಿದ್ಯುತ್ ಕಡಿತ’ ಓದಿ ಓದಿ, ಕಡಿತ ಎಂದರೆ ಯಾರೋ ಬೇಕೆಂದೇ ಕತ್ತರಿಸಿದ್ದು ಅನ್ನಿಸುತ್ತದೆ. ‘ಅರ್ಥ್ ತಪ್ಪಿದೆ’ ಅನ್ನಬಹುದೇ? ‘ಹಳಿ ತಪ್ಪಿದೆ’ ಅನ್ನುವಂತೆ?

ಈ ಎರಡಕ್ಕೂ ಸೇರದ ಮೂರನೆಯದು ಒಂದಿದೆ. ಪಟ್ಟಿಯೊಳಗೆ ನ್ಯೂಟ್ರಲ್ ತಂತಿ ಜಜ್ಜಿ ತಗಡಿಗೆ ತಾಗಿರುತ್ತದೆ. ಶಾಕ್ ಇಲ್ಲ, ದೀಪಕ್ಕೂ ಏನೂ ಆಗಿಲ್ಲ, ಆದರೆ ಆ ದೀಪದ ಸ್ವಿಚ್ ಆಫ್ ಇದ್ದಾಗಲೂ ಆರ್‌ಸಿಸಿಬಿ ಟ್ರಿಪ್ ಆಗಬಹುದು. ಇದಕ್ಕೆ ‘ನ್ಯೂಟ್ರಲ್ ತಾಗಿದೆ’ ಎಂದು ಸುಮ್ನೆ ಬರೆದಿದ್ದೇನೆ. ವೈರಿಂಗ್ ಕೆಲಸ ಮಾಡುವವರು ಈ ಮೂರನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುವುದನ್ನು ನೀವು ಯಾರಾದರೂ ಕೇಳಿದ್ದೀರಾ? ನಿಘಂಟಿನ ಪದಕ್ಕಿಂತ ಏಣಿಯ ಮೇಲೆ ನಿಂತವರು ಆಡುವ ಪದ ಸಿಕ್ಕರೆ ಜಾಸ್ತಿ ಖುಷಿ.